ಸಾಸ್ ಛಲೋ ಅದ

ಬಾರ್ಬೆಕ್ಯೂ ಸಾಸ್ ನನಗೆ ಇಷ್ಟ. ಬೀದರ್‌ನ ನಮ್ಮ ಮನೆಯ ಫ್ರಿಜ್ಜಿನಲ್ಲಿ ಅದರ ಬಾಟಲಿ ಸದಾ ಇರುತ್ತದೆ. ಹೊಗೆಯ ರುಚಿ ಮುಂದಿರಬೇಕು, ಸಿಹಿ ಅದರ ಹಿಂದೆ ಬರಬೇಕು, ಕೊನೆಗೆ ನಾಲಿಗೆಯ ಬದಿಯಲ್ಲಿ ಸ್ವಲ್ಪ ಹುಳಿ ಉಳಿಯಬೇಕು. ಕೆಚಪ್ಪಿಗೆ ಕರಿ ಬಣ್ಣ ಬಳಿದಂಥ ಸಾಸ್‌ಗಳೂ ಸಿಗುತ್ತವೆ. ಅವನ್ನು ನಾನು ಕೊಳ್ಳುವುದಿಲ್ಲ. ಅಭಿಪ್ರಾಯ ಇಷ್ಟು ಖಚಿತ. ಹೇಳಬೇಕಾದ ಕಡೆ ಅದನ್ನು ಖಚಿತವಾಗಿ ಹೇಳಲಿಲ್ಲ, ಅಷ್ಟೆ.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ವರದಿಗಾರರ ವಾಕ್ಯಗಳಲ್ಲಿ ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆ ಇದೆಯೇ ಎಂದು ನೋಡುವುದು ದಿನದ ಕೆಲಸ.

ತಂಗಿಯನ್ನು ಭಾಲ್ಕಿಗೆ ಕೊಟ್ಟಿದ್ದೇವೆ. ಅವಳೂ ಗಂಡನೂ ಅಲ್ಲಿ ಕೆಂಡದ ಮೇಲೆ ಸುಟ್ಟ ಕೋಳಿಯ ಗಾಡಿ ಇಟ್ಟಿದ್ದಾರೆ. ಈ ವರ್ಷ ಔರಾದ್‌ನಲ್ಲಿ ಅಂಗಡಿ ತೆರೆಯುವ ತಯಾರಿ ನಡೆದಿತ್ತು. ಕೋಳಿಯ ಜೊತೆ ಅಲ್ಲಿ ಏನು ಕೊಡುವುದು ಎನ್ನುವುದೊಂದೇ ತೀರ್ಮಾನವಾಗಿರಲಿಲ್ಲ. ತಂಗಿಯ ಅತ್ತೆ ಮಹಾರಾಷ್ಟ್ರದ ಗಡಿಯ ಕಡೆಯ ಮೆಹಕರದವರು. ಅಲ್ಲಿನ ಮರಾಠಿ ರೂಢಿಯಂತೆ ನಾನು ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ; ಅವರು ನನ್ನನ್ನು ಗೌರವದಿಂದ ‘ಬಾಯಿ’ ಎನ್ನುತ್ತಾರೆ. ಹುಣಸೆಹುಳಿ, ಬೆಲ್ಲ, ಮನೆಯಲ್ಲೇ ಕುಟ್ಟಿದ ಕರಿ ಮಸಾಲೆ ಹಾಕಿ ಅವರು ಕುದಿಸುವ ಚಟ್ನಿ ಭಾಲ್ಕಿಯ ಗಾಡಿಯಲ್ಲಿ ನಡೆಯುತ್ತಿತ್ತು. ಮೊಣಕಾಲು ಹಿಡಿದ ಮೇಲೆ ಅವರು ಹೊಲಕ್ಕೆ ಹೋಗುವುದು ನಿಂತಿದೆ, ಒಲೆ ತಂಗಿಯ ಕೈಗೆ ಬಂದಿದೆ. ಆ ಚಟ್ನಿಯೊಂದು ಅವರದಾಗಿ ಉಳಿದಿತ್ತು. ಆದರೆ ಔರಾದ್‌ಗೆ ಬಾಟಲಿ ಸಾಸೇ ಬೇಕು, ಗಿರಾಕಿಗಳು ಅದನ್ನೇ ಕೇಳುತ್ತಾರೆ ಎಂದು ತಂಗಿಯ ಗಂಡ ಹಟ ಹಿಡಿದಿದ್ದ.

ಒಂದು ಭಾನುವಾರ ನಾನು ಭಾಲ್ಕಿಗೆ ಊಟಕ್ಕೆ ಹೋದಾಗ ಎರಡು ಬಟ್ಟಲು ನನ್ನ ಮುಂದೆ ಬಂದವು.

“ಅಕ್ಕಾರ, ನೀವು ಪೇಪರ್‌ದವರು. ನೀವು ಹೇಳಿದ್ದೇ ಫೈಸಲಾ,” ಎಂದ ತಂಗಿಯ ಗಂಡ. “ಇದು ನಮ್ಮವ್ವನ ಚಟ್ನಿ, ಇದು ಸಾಸ್.”

“ನಿನ್ನ ಹೆಂಡತಿಗಿ ಒಬ್ಬಾಕಿ ಸಾಸ್ ಸಾಲಲ್ಲೇನೋ, ಇನ್ನೊಂದು ಬಾಟ್ಲ್ಯಾಗ ತಂದಿ?” ಎಂದರು ಮಾವಶಿ. ನಮ್ಮ ಕಡೆಯ ಉರ್ದು ಬೆರೆತ ಮಾತಿನಲ್ಲಿ ಸಾಸ್ ಎಂದರೆ ಅತ್ತೆ.

ತಂಗಿ ನಗು ತಡೆಯಲಾರದೆ ಹೇಳಿದಳು: “ಬಾಟ್ಲ್ಯಾಗಿನ ಸಾಸ್ ಮುಚ್ಚಳ ಹಾಕಿದ್ರ ಸುಮ್ಮ ಇರ್ತದ್ರಿ, ಅತ್ತಿ.”

“ಹಾಂ, ನನಗೂ ಒಂದು ಮುಚ್ಚಳ ಹುಡುಕವ್ವ.”

ನಾನು ಎರಡನ್ನೂ ಕೋಳಿಯ ತುಂಡಿಗೆ ಹಚ್ಚಿ ತಿಂದೆ. ಮಾವಶಿಯ ಚಟ್ನಿ ಕೆಟ್ಟದ್ದಲ್ಲ. ಜೋಳದ ರೊಟ್ಟಿಗೆ ಅದರಷ್ಟು ಒಗ್ಗುವುದು ಬೇರೆ ಇಲ್ಲ. ಸುಟ್ಟ ಕೋಳಿಗೆ ಮಾತ್ರ ಕರಿ ಮಸಾಲೆ ಹೆಚ್ಚಾಯಿತು, ಕೆಂಡದ ರುಚಿ ಅದರಡಿ ಮುಚ್ಚಿಹೋಯಿತು. ಸಾಸ್ ಮಾಂಸಕ್ಕೆ ತೆಳ್ಳಗೆ ಅಂಟಿಕೊಂಡು ಹೊಗೆಯನ್ನು ಇನ್ನಷ್ಟು ಎತ್ತಿತು. ಅನುಮಾನಕ್ಕೆ ಜಾಗವೇ ಇರಲಿಲ್ಲ.

“ಸಾಸ್ ಛಲೋ ಅದ,” ಎಂದೆ.

ಮಾವಶಿ ತೊಡೆ ತಟ್ಟಿದರು. “ಕೇಳಿದೇನೋ? ಸಾಸ್ ಛಲೋ ಅದಾಳಂತ! ಪೇಪರ್‌ದಾಗ ಬಂದಂಗೇ ಆಯ್ತು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನು ಹೇಳಿದ್ದು ‘ಅದ’, ‘ಅದಾಳ’ ಅಲ್ಲ. ವಸ್ತುವಿಗೆ ಒಂದು, ಹೆಂಗಸಿಗೆ ಒಂದು. ಇಂಥ ತಪ್ಪು ಕಂಡರೆ ಆಫೀಸಿನಲ್ಲಿ ನನ್ನ ಕೈ ತಾನಾಗಿ ತಿದ್ದುತ್ತದೆ. ಅವರು ತಮಾಷೆಗೆ ಅಂದರೋ, ನಿಜವಾಗಿ ಹಾಗೆ ಕೇಳಿಸಿಕೊಂಡರೋ ತಿಳಿಯಲಿಲ್ಲ. ನಾನು ಕೇಳಲೂ ಇಲ್ಲ. ತಂಗಿಯ ಗಂಡ ನಗು ನಿಲ್ಲಿಸಿ ನನ್ನ ಮುಖ ನೋಡಿದ. ನಾನು ರೊಟ್ಟಿ ಮುರಿಯುತ್ತ ಕುಳಿತೆ.

“ಆಯ್ತು ಬಿಡವ್ವ, ಔರಾದ್‌ಗೂ ನಿನ್ನ ಚಟ್ನಿನೇ,” ಎಂದ ಅವನು.

ಕಳೆದ ಭಾನುವಾರ ಔರಾದ್‌ನ ಅಂಗಡಿಗೆ ಹೋಗಿದ್ದೆ. ತೊಳೆಯಲು ಬರುತ್ತಿದ್ದ ಪ್ಲೇಟುಗಳಲ್ಲಿ ಮೂಳೆಯ ಪಕ್ಕ ಚಟ್ನಿ ಹಾಕಿದ ಹಾಗೆಯೇ ಉಳಿದಿತ್ತು. “ಅಣ್ಣಾ, ಸಾಸ್ ಇಲ್ಲೇನ್ರಿ?” ಎಂದು ಗಿರಾಕಿಯೊಬ್ಬರು ಕೇಳಿದರು. “ಇಲ್ರಿ, ನಮ್ಮಲ್ಲಿ ಚಟ್ನಿನೇ,” ಎಂದ ತಂಗಿಯ ಗಂಡ. ನನ್ನ ಕಡೆ ತಿರುಗಲಿಲ್ಲ. ಒಪ್ಪಿದ ಮಾತು ನಡೆಸುತ್ತಿದ್ದ.

ಮಾವಶಿ ಒಳಗೆ ಕುರ್ಚಿಯ ಮೇಲೆ ಕುಳಿತಿದ್ದರು. ಚಟ್ನಿಯ ಪಾತ್ರೆ ಹಿಡಿದು ಭಾಲ್ಕಿಯಿಂದ ಬಸ್ಸಿನಲ್ಲಿ ಬಂದಿದ್ದರು. ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದರು.

“ಬಾಯಿ, ಮಂದಿ ಯಾಕ ಬಿಡ್ಲಾಕತ್ತಾರ? ಉಪ್ಪು ಹೆಚ್ಚ ಆಗ್ಯದೇನು? ನೀವಂತೂ ಛಲೋ ಅದ ಅಂದಿದ್ರಿ.”

ತಮಾಷೆಯಾಗಿರಲಿಲ್ಲ. ಅವರು ನಂಬಿದ್ದರು.

“ನಾ ಬಾಟ್ಲಿದಕ್ಕ ಅಂದಿದ್ದೆ, ಮಾವಶಿ.”

ಅವರು ಚಟ್ನಿಯ ಪಾತ್ರೆಗೆ ಮುಚ್ಚಳ ಹಾಕಿದರು. “ಅವತ್ತೇ ಅಂದಿದ್ರ ಒಂದಿನ ಸಿಟ್ಟಾಗ್ತಿದ್ದೆ, ಮುಗೀತಿತ್ತು. ಇಷ್ಟ್ ದಿನ ಮಗನ ಮುಂದ, ಸೊಸಿ ಮುಂದ ಎದಿ ಸೆಟಿಸಿ ಕುಂತೀನಲ್ರಿ.” ಅವರು ಮಗನನ್ನು ಕೂಗಿದರು: “ಏ, ನಾಳಿಂದ ಬಾಟ್ಲಿ ಇಡು.”

ಆಮೇಲೆ ಎದ್ದು ತಾವೇ ನನಗೆ ಪ್ಲೇಟು ತಂದರು. “ಉಣ್ರಿ ಬಾಯಿ, ಆರ್ತದ.” ಪ್ಲೇಟಿನಲ್ಲಿ ಕೋಳಿ ಇತ್ತು, ಈರುಳ್ಳಿ ಇತ್ತು, ನಿಂಬೆಯ ಹೋಳು ಇತ್ತು. ಚಟ್ನಿ ಹಾಕಿರಲಿಲ್ಲ. ಅಷ್ಟು ವರ್ಷಗಳಲ್ಲಿ ಅವರ ಕೈಯಿಂದ ಚಟ್ನಿಯಿಲ್ಲದ ಪ್ಲೇಟು ನನಗೆ ಬಂದದ್ದು ಅದೇ ಮೊದಲು. ಬೇಕೆಂದು ಕೇಳದೆ ನಿಂಬೆ ಹಿಂಡಿಕೊಂಡು ತಿಂದೆ.