ಅತ್ತೆಯ ಹಲ್ಲು, ನಾಯಿಯ ಹಲ್ಲು

ನಮ್ಮ ಮನೆಗೆ ನಾಯಿಮರಿ ಬಂದದ್ದು ನನ್ನ ಗಂಡನ ದಾಕ್ಷಿಣ್ಯದಿಂದ. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರಿಗೆ ದೂರದ ಊರಿಗೆ ವರ್ಗವಾಯಿತು. ಅವರು ಹೊರಡುವ ಮುಂಚೆ ಮರಿಯನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿಕೊಂಡು ಬಂದು, ಸ್ವಲ್ಪ ದಿನ ಇಟ್ಟುಕೊಳ್ಳಿ ಎಂದರಂತೆ. ಇಲ್ಲ ಎನ್ನಲು ಗಂಡ ಬಾಯಿ ತೆರೆಯುವಷ್ಟರಲ್ಲಿ ಡಬ್ಬಿ ಇವರ ಕೈಯಲ್ಲಿತ್ತು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಮನೆಯಲ್ಲಿ ಇದ್ದವರು ನಾನು, ಗಂಡ ಮತ್ತು ಅತ್ತೆ. ಅತ್ತೆ ಕಲಬುರ್ಗಿ ಕಡೆಯವರು. ನಾವಿರುವ ಹೈದರಾಬಾದಿನಲ್ಲೇ ಅರ್ಧ ಆಯುಷ್ಯ ಕಳೆದವರು. ತರಕಾರಿಯವನ ಜೊತೆ ತೆಲುಗು, ಆಟೋದವನ ಜೊತೆ ಹಿಂದಿ, ದೇವರ ಜೊತೆ ಮತ್ತು ನಮ್ಮ ಜೊತೆ ಕನ್ನಡ. ಡಬ್ಬಿಯೊಳಗೆ ಬಗ್ಗಿ ನೋಡಿ ಅವರು ಒಂದೇ ಪ್ರಶ್ನೆ ಕೇಳಿದರು.

"ಇದು ಯಾರ ಮನ್ಯಾಗ ಇರ್ತೈತಿ?"

"ನಮ್ಮ ಮನ್ಯಾಗ, ಅವ್ವ," ಎಂದರು ಗಂಡ.

"ಹಂಗಾದ್ರ ನನ್ನ ಖೋಲಿ ಒಳಗ ಬರಬಾರದು."

ಮರಿಗೆ ನಾವೊಂದು ಹೆಸರಿಟ್ಟೆವು. ಅತ್ತೆ ಅದನ್ನು ಒಮ್ಮೆಯೂ ಬಾಯಿಗೆ ತರಲಿಲ್ಲ. "ಇದು" ಎಂದೇ ಕರೆದರು. ಕೆಲವು ದಿನಗಳಲ್ಲಿ ಮರಿ ನಾವಿಟ್ಟ ಹೆಸರನ್ನು ಮರೆತು, "ಇದು" ಎಂದರೆ ತಿರುಗಿ ನೋಡತೊಡಗಿತು.

ಮೊದಲು ಹೋದದ್ದು ಅತ್ತೆಯ ಎಡಗಾಲಿನ ಚಪ್ಪಲಿ. ಹಲ್ಲು ಬರುವಾಗ ಎಲ್ಲ ಮರಿಗಳೂ ಹೀಗೇ ಮಾಡುತ್ತವೆ ಎಂದು ಗಂಡ ಸಮಾಧಾನ ಹೇಳಿದರು. ಆಮೇಲೆ ಅತ್ತೆಯ ಕನ್ನಡಕದ ಡಬ್ಬಿ ಹೋಯಿತು. ಆಮೇಲೆ ರುದ್ರಾಕ್ಷಿ ಸರ. ಅದರ ಮಣಿಗಳನ್ನು ಸೋಫಾದ ಕೆಳಗಿನಿಂದ ಆರಿಸಿ ತೆಗೆಯುವಾಗ ಅತ್ತೆ ಶಿವನನ್ನೂ ಮಗನನ್ನೂ ಒಂದೇ ಉಸಿರಿನಲ್ಲಿ ಕರೆದರು. ಪೂಜೆಗೆ ಕೂಡುವ ಮಣೆಯ ಒಂದು ಮೂಲೆ ದಿನದಿಂದ ದಿನಕ್ಕೆ ದುಂಡಗಾಗುತ್ತಾ ಬಂತು. ಎಲ್ಲವೂ ಮಧ್ಯಾಹ್ನವೇ ನಡೆಯುತ್ತಿತ್ತು. ನಾವಿಬ್ಬರೂ ಕೆಲಸದಲ್ಲಿರುವಾಗ, ಅತ್ತೆ ಪಕ್ಕದ ಓಣಿಯ ಗುಡಿಗೆ ವಚನ ಹಾಡಲು ಹೋಗಿ ಬರುವಷ್ಟರಲ್ಲಿ.

ನಾನು ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿದ್ದೇನೆ. ಕಹಿ ಮಾತ್ರೆಗಳ ಮೇಲೆ ಸಿಹಿ ಲೇಪ ಸರಿಯಾಗಿ ಕೂತಿದೆಯೇ ಎಂದು ನೋಡುವುದು ನನ್ನ ಕೆಲಸ. ಮನೆಯಲ್ಲಿ ನನ್ನ ಪಾಲಿಗೆ ಅದರ ಉಲ್ಟಾ ಕೆಲಸ ಬಂತು. ಮಣೆಗೆ ಬೇವಿನೆಣ್ಣೆ ಹಚ್ಚಿದೆ. ಮರಿ ಅದನ್ನು ಪೂರ್ತಿ ನೆಕ್ಕಿ, ಮೊದಲಿಗಿಂತ ಹೆಚ್ಚು ಉತ್ಸಾಹದಿಂದ ಮರವನ್ನು ಕಡಿಯಿತು. ಅತ್ತೆಯ ಸೀರೆಗೆ ಹತ್ತಿದ ವಾಸನೆ ಮಾತ್ರ ಹೋಗಲಿಲ್ಲ. ಗುಡಿಯಲ್ಲಿ ಅವರ ಅಕ್ಕಪಕ್ಕದವರು ಸ್ವಲ್ಪ ಸರಿದು ಕೂತರಂತೆ. ಹಾಗಲಕಾಯಿ ರಸವನ್ನೂ ಹಚ್ಚಿ ನೋಡಿದೆ. ಅದರಿಂದ ತಿಳಿದದ್ದು ಮರಿಗೆ ಹಾಗಲಕಾಯಿ ಸೇರುತ್ತದೆ ಎಂದಷ್ಟೇ. ಗಂಡನಿಗೆ ಸೇರುವುದಿಲ್ಲ.

"ಖಾರದಪುಡಿ ಹಚ್ಚು," ಎಂದರು ಅತ್ತೆ. "ಎಂಥವರಿಗೂ ಬುದ್ಧಿ ಬರ್ತೈತಿ."

ಹೊಸ ಚಪ್ಪಲಿಗೆ ಖಾರದಪುಡಿ ಹಚ್ಚಿದೆವು. ಮರಿ ಮೂಸಿ, ಸೀನಿ, ದೂರ ಹೋಗಿ ಕೂತಿತು. ಗೆದ್ದೆವು ಎಂದುಕೊಂಡೆವು. ಆಮೇಲೆ ಅತ್ತೆ ಅದೇ ಚಪ್ಪಲಿ ಮೆಟ್ಟಿಕೊಂಡು ಬಿಸಿಲಿನಲ್ಲಿ ಗುಡಿಗೆ ಹೋದರು. ಬೆವರಿದ ಕಾಲಿಗೆ ಬುದ್ಧಿ ಬಂತು. ಅರ್ಧ ದಾರಿಯಿಂದ ಬರಿಗಾಲಲ್ಲಿ ವಾಪಸು ಬಂದು ಪಾದಗಳನ್ನು ನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡು ಕೂತರು. ಮರಿ ಎದುರಿಗೆ ಕೂತು ಬಕೆಟ್ಟನ್ನೇ ನೋಡುತ್ತಿತ್ತು.

ಇಷ್ಟರವರೆಗೂ ಹೇಗೋ ನಡೆದಿತ್ತು. ಒಂದು ಸಂಜೆ ನಾನು ಕೆಲಸ ಮುಗಿಸಿ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಗುಲಾಬಿ ಬಣ್ಣದ ಒಂದು ಚೂರು. ಅದು ಅವರ ಹಲ್ಲಿನ ಸೆಟ್ಟು. ಊಟವಾದ ಮೇಲೆ ತೊಳೆದು ಬಟ್ಟಲಲ್ಲಿ ಇಟ್ಟು, ಮರೆತು ಗುಡಿಗೆ ಹೋಗಿದ್ದರು. ಅತ್ತೆಯ ಹಲ್ಲುಗಳನ್ನು ಮರಿ ತನ್ನ ಹಲ್ಲುಗಳಿಂದ ಅಗಿದಿತ್ತು.

ಗಂಡ ಬಂದ ತಕ್ಷಣ ಅತ್ತೆ ತೀರ್ಪು ಕೊಟ್ಟರು. ಹಲ್ಲಿಲ್ಲದ ಬಾಯಿಂದ ಅದು ಬರೀ ಗಾಳಿಯಾಗಿ ಬಂತು.

"ಏನಂದಿ, ಅವ್ವ?"

ಅತ್ತೆ ಮತ್ತೆ ಹೇಳಿದರು. ಗಂಡ ನನ್ನ ಮುಖ ನೋಡಿದರು. ಒಲೆಯ ಮುಂದೆ ದಿನಾ ಅವರ ಜೊತೆ ನಿಲ್ಲುವ ನನಗೆ ಅರ್ಥವಾಗಿತ್ತು.

"ಇದು ಇರಬೇಕು, ಇಲ್ಲಾ ತಾವು ಇರಬೇಕು ಅನ್ನಾಕತ್ತಾರ್ರಿ. ನಾಳೆ ಕಾಚಿಗೂಡಕ್ಕ ಹೋಗಿ ರೈಲ್ ಹತ್ತಿ ಮಗಳ ಮನಿಗೆ ಹೋಗ್ತಾರಂತ."

ಅತ್ತೆ ತಲೆಯಾಡಿಸಿ ಅನುವಾದವನ್ನು ಒಪ್ಪಿದರು. ಆದರೆ ಹಲ್ಲಿಲ್ಲದೆ ಬೀಗರ ಮನೆಗೆ ಹೋಗುವುದು ಹೇಗೆ ಎಂಬುದು ಅವರಿಗೇ ಹೊಳೆಯಿತು. ರೈಲು ಮುಂದಕ್ಕೆ ಹೋಯಿತು. ಹೊಸ ಸೆಟ್ಟಿಗೆ ಅಳತೆ ಕೊಟ್ಟು ಬಂದೆವು. ಅದು ಬರುವವರೆಗೆ ಅತ್ತೆ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ ಉಂಡರು, ಹಲ್ಲಿಲ್ಲದೆಯೇ ತಿಳಿಯುವಂತೆ ನಿಧಾನವಾಗಿ ಮಾತಾಡಲು ಕಲಿತರು.

ಆ ವಾರವೇ ಸಿಕಂದರಾಬಾದಿನ ಪಶುವೈದ್ಯೆಯ ಹತ್ತಿರ ಮರಿಯನ್ನು ಕರೆದುಕೊಂಡು ಹೋದೆವು. ಅತ್ತೆಯೂ ಬಂದರು. ಇಂಥ ನಾಯಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಡಾಕ್ಟರ ಬಾಯಿಂದಲೇ ಕೇಳುವ ಆಸೆ ಅವರಿಗಿತ್ತು. ಡಾಕ್ಟರು ನಮ್ಮ ಉಪಾಯಗಳನ್ನೆಲ್ಲ ಕೇಳಿಸಿಕೊಂಡರು. ಖಾರದಪುಡಿಯ ಮಾತು ಬಂದಾಗ ಮಾತ್ರ ಕೈ ಎತ್ತಿ, "ಮಿರ್ಚಿ ನಕ್ಕೋ, ಅಮ್ಮಾ" ಎಂದರು. ಆಮೇಲೆ ಏನೇನು ಕಡಿದಿದೆ ಎಂದು ಕೇಳಿದರು. ನಾನು ಹೇಳುತ್ತಾ ಹೋದೆ.

"ಎಲ್ಲ ಈ ಅಮ್ಮನವರದೇ?" ಎಂದು ಹಿಂದಿಯಲ್ಲಿ ಕೇಳಿದರು. ನಾವು ಅಲ್ಲಿಯವರೆಗೆ ಅದನ್ನು ಯೋಚಿಸಿರಲಿಲ್ಲ. ನನ್ನ ಒಂದು ವಸ್ತುವೂ ಹೋಗಿರಲಿಲ್ಲ. ಗಂಡನದೂ ಇಲ್ಲ.

"ಮನೆಯಲ್ಲಿ ಇದಕ್ಕೆ ಯಾರು ಊಟ ಹಾಕುತ್ತಾರೆ?"

"ನಾನು," ಎಂದೆ. "ಬೆಳಿಗ್ಗೆ ಮತ್ತು ಸಂಜೆ."

"ಮಧ್ಯಾಹ್ನ?"

ಅತ್ತೆ ಗೋಡೆಯ ಮೇಲಿನ ಬೆಕ್ಕಿನ ಚಿತ್ರವನ್ನು ನೋಡುತ್ತಿದ್ದರು. ಮೇಜಿನ ಮೇಲೆ ಕೂತಿದ್ದ ಮರಿ ಅತ್ತೆಯನ್ನು ನೋಡುತ್ತಿತ್ತು.

"ರೊಟ್ಟಿ ಉಳೀತಿತ್ತು," ಎಂದರು ಅತ್ತೆ ಕೊನೆಗೆ, ಕನ್ನಡದಲ್ಲಿ, ನನ್ನ ಕಡೆ ತಿರುಗಿ.

ನಮ್ಮ ಮನೆಯಲ್ಲಿ ರೊಟ್ಟಿ ಉಳಿದದ್ದನ್ನು ನಾನು ಕಂಡಿಲ್ಲ. ಅತ್ತೆ ಅಳತೆ ನೋಡಿಯೇ ಹಿಟ್ಟು ನಾದುವವರು.

"ಮೊಸರು ಕಲಸಿ ಹಾಕ್ತಿದ್ದೆ. ಒಣಾ ರೊಟ್ಟಿ ಗಂಟಲಾಗ ಹಿಡೀತಿತ್ತು ಅದಕ್ಕ. ಆಮ್ಯಾಲೆ ಮಲಗ್ತಿತ್ತು, ನನ್ನ ಕಾಲ ಹತ್ರ. ನಾ ಕರದಿಲ್ಲ. ಅದ ಬರ್ತಿತ್ತು."

ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ತಿಳಿಯಿತು. ಇದಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ, ಅಮ್ಮಾ, ನೀವು ಬಾಗಿಲು ಹಾಕಿಕೊಂಡು ಹೋದಾಗ ಇದಕ್ಕೆ ದಿಕ್ಕು ತೋಚುವುದಿಲ್ಲ, ನಿಮ್ಮ ವಾಸನೆ ಇರುವುದನ್ನು ಹುಡುಕಿ ಬಾಯಲ್ಲಿ ಹಿಡಿದುಕೊಳ್ಳುತ್ತದೆ, ಹಲ್ಲು ಬರುವ ವಯಸ್ಸು ಬೇರೆ, ಎಂದರು. ಅವರು ಹೇಳಿದ ಚಿಕಿತ್ಸೆಯಲ್ಲಿ ಔಷಧ ಇರಲಿಲ್ಲ. ಅಮ್ಮನ ವಸ್ತುಗಳು ಎತ್ತರದಲ್ಲಿರಲಿ. ಬೆಳಿಗ್ಗೆ ಚೆನ್ನಾಗಿ ಓಡಾಡಿಸಿ. ಕಡಿಯಲು ಅದಕ್ಕೇ ಅಂತ ಏನಾದರೂ ಕೊಡಿ. ಬಾಯಲ್ಲಿ ಏನಾದರೂ ಹಿಡಿದಿದ್ದರೆ ಕೂಗಬೇಡಿ, ಬೇರೆಯದು ಕೊಟ್ಟು ಬಿಡಿಸಿಕೊಳ್ಳಿ. ಅಮ್ಮನ ಹಳೆಯ ಬಟ್ಟೆಯೊಂದನ್ನು ಅದರ ಹಾಸಿಗೆಯಲ್ಲಿ ಹಾಕಿ. ಮತ್ತೆ, ಅಮ್ಮ ಹೊರಗೆ ಹೋಗುವುದನ್ನು ಕಲಿಯಬೇಕು. ಒಂದು ನಿಮಿಷ ಹೋಗಿ ಬರುವುದು, ಆಮೇಲೆ ಸ್ವಲ್ಪ ಹೆಚ್ಚು, ಹೀಗೆ.

ಮನೆಗೆ ಬರುವ ದಾರಿಯಲ್ಲಿ ಮರಿ ಅತ್ತೆಯ ತೊಡೆಯ ಮೇಲೆ ಮಲಗಿತ್ತು. ಆಟೋದಲ್ಲಿ ಜಾಗ ಸಾಲದು ಎಂದು ಅತ್ತೆ ಹೇಳಿದರು. ಜಾಗ ಇತ್ತು.

ಮರುದಿನದಿಂದ ಅತ್ತೆ ಇದನ್ನು ಒಂದು ವ್ರತದಂತೆ ಹಿಡಿದರು. ಕಪಾಟಿನ ಮುಂದೆ ಬಹಳ ಹೊತ್ತು ನಿಂತು ಒಂದು ಇಳಕಲ್ ಸೀರೆ ಆರಿಸಿದರು. "ಇನ್ನೂ ಹಳೇದು ಕೊಡ್ರಿ, ಅತ್ತಿ," ಎಂದೆ. "ಹಳೇದರಾಗ ವಾಸನಿ ಇರಂಗಿಲ್ಲ," ಎಂದರು. ಗಂಡ ಹಗ್ಗಕ್ಕೆ ಗಂಟು ಹಾಕಿ ಕಡಿಯಲು ಕೊಟ್ಟರು. ತಣ್ಣಗಿನ ಗಜ್ಜರಿಯನ್ನು ನಾನು ಕೊಟ್ಟೆ. ರಜೆಯ ದಿನಗಳಲ್ಲಿ ಅತ್ತೆ ಚಪ್ಪಲಿ ಮೆಟ್ಟಿ, ಚೀಲ ಹಿಡಿದು, ಗುಡಿಗೆ ಹೊರಟವರಂತೆ ಬಾಗಿಲು ಎಳೆದುಕೊಂಡು ಲಿಫ್ಟಿನ ಹತ್ತಿರ ನಿಲ್ಲುವುದನ್ನು ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಒಳಗೆ ಬರುವುದು. ಮತ್ತೆ ಹೊರಡುವುದು.

ಎದುರು ಮನೆಯಾಕೆ ಬೀಗದ ಕೈ ಮರೆತಿದ್ದೀರಾ ಎಂದು ತೆಲುಗಿನಲ್ಲಿ ಕೇಳಿದರು.

"ಲೇದಮ್ಮಾ," ಎಂದರು ಅತ್ತೆ ಅಷ್ಟೇ ಗಂಭೀರವಾಗಿ. ತಾನು ನಾಯಿಗೆ ಪಾಠ ಹೇಳುತ್ತಿದ್ದೇನೆ ಎಂದು ವಿವರಿಸಿದರು. ಎದುರು ಮನೆಯಾಕೆ ಒಂದು ಕುರ್ಚಿ ತಂದುಕೊಟ್ಟರು. ಪಾಠ ಉದ್ದವಾದಂತೆ ಇಬ್ಬರೂ ಅಲ್ಲೇ ಕೂತು ಹುರುಳಿಕಾಯಿ ನಾರು ತೆಗೆಯತೊಡಗಿದರು. ಒಳಗೆ ಮರಿ ಮೊದಮೊದಲು ಕುಂಯ್‌ಗುಡುತ್ತಿತ್ತು. ಆಮೇಲೆ ಹಗ್ಗ ಕಡಿಯುವ ಸದ್ದು. ಆಮೇಲೆ ಸದ್ದಿಲ್ಲ. ಅತ್ತೆ ಬಾಗಿಲಿಗೆ ಕಿವಿಯಿಟ್ಟು ಕೇಳಿ, "ಮಲಕೊಂತು" ಎಂದರು. ಪರೀಕ್ಷೆಯಲ್ಲಿ ಪಾಸಾದ ಮಗನ ಬಗ್ಗೆಯೂ ಅವರು ಹಾಗೆ ಹೇಳಿರಲಿಕ್ಕಿಲ್ಲ.

ಹೊಸ ಹಲ್ಲು ಬಂತು. ಅತ್ತೆ ಮತ್ತೆ ಗುಡಿಗೆ ಹೋಗತೊಡಗಿದರು. ವಾಪಸು ಬಂದರೆ ಚಪ್ಪಲಿಗಳು ಎರಡೂ ಇರುತ್ತಿದ್ದವು. ಕೆಲವು ತಿಂಗಳ ನಂತರ ಮಗಳ ಮನೆಗೂ ಹೋದರು. ಅಲ್ಲಿಂದ ದಿನಾ ಫೋನು ಬರುತ್ತಿತ್ತು. "ಇದು ಉಂಡಿತೇನು?" ಎಂಬುದೇ ಮೊದಲ ಮಾತು. ಮಗ ಉಂಡನೇ ಎಂದು ಕೇಳಿದ ನೆನಪು ನನಗಿಲ್ಲ. ಒಂದು ತಿಂಗಳು ಇರಲು ಹೋದವರು ಬೇಗನೇ ಬಂದರು. ಅಲ್ಲಿಯ ನೀರು ಒಗ್ಗಲಿಲ್ಲವಂತೆ.

ಅವರಿಲ್ಲದ ಆ ದಿನಗಳಲ್ಲಿ ಒಂದು ಸಂಜೆ ನನ್ನ ಕಾರ್ಖಾನೆಯ ಗುರುತಿನ ಚೀಟಿಯ ಕೊರಳಪಟ್ಟಿ ಮರಿಯ ಹಾಸಿಗೆಯಲ್ಲಿ ಸಿಕ್ಕಿತು. ಪೂರ್ತಿ ಅಗಿದಿತ್ತು. ಕೂಗಬಾರದು ಎಂದಿದ್ದರಲ್ಲ, ಕೂಗಲಿಲ್ಲ. ಒದ್ದೆಯಾದ ಪಟ್ಟಿಯನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡೇ ಕೂತೆ. ಗಂಡನಿಗೂ ತೋರಿಸಿದೆ. ಅವರು ನೋಡಿ ವಾಪಸು ಕೊಟ್ಟರು.

ಗಂಡನ ವಸ್ತು ಇವತ್ತಿನವರೆಗೂ ಒಂದೂ ಹಾಳಾಗಿಲ್ಲ. ಮರಿಯನ್ನು ಮನೆಗೆ ತಂದವರು ಅವರು, ಬೆಳಿಗ್ಗೆ ಓಡಾಡಿಸುವವರೂ ಅವರೇ. ಈಚೆಗೆ ಕೆಲಸಕ್ಕೆ ಹೋಗುವಾಗ ಅವರು ತಮ್ಮ ಮನೆಯೊಳಗಿನ ಚಪ್ಪಲಿಗಳನ್ನು ನಾಯಿಯ ಹಾಸಿಗೆಯ ಪಕ್ಕದಲ್ಲೇ ಬಿಟ್ಟು ಹೋಗುವುದನ್ನು ನೋಡಿದ್ದೇನೆ. ಸಂಜೆ ಬಂದ ಕೂಡಲೇ ಅವನ್ನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಸುಮ್ಮನೆ ಹಾಕಿಕೊಳ್ಳುತ್ತಾರೆ.