ಕಿಂಡಿ ಕೊರೆಯುವವನು ಬರುವ ಮೊದಲು

ಕೊರೆಯುವ ಚಳಿಯಲ್ಲೂ ಅವಳ ಕೈ ಯಾವಾಗಲೂ ಒದ್ದೆ. ಹಾಗೆಂದು ಅವಳು ಬಟ್ಟೆ ಒಗೆಯುವವಳಲ್ಲ, ಪಾತ್ರೆ ತಿಕ್ಕುವವಳೂ ಅಲ್ಲ. ಹಳೆಯ ಮನೆಗಳ ಸಂದಿಗೊಂದಿಗಳನ್ನು ಮುಚ್ಚಿ, ಒಳಗಿನ ಬಿಸಿ ಹೊರಗೆ ಸೋರದಂತೆ ಮಾಡುವುದು ಅವಳ ಕಸುಬು. ಗಾಳಿ ಎಲ್ಲಿಂದ ನುಗ್ಗುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೇ ಕೈಯ ಹಿಂಬದಿಯನ್ನು ನೀರಲ್ಲಿ ಅದ್ದಿ, ಕಿಟಕಿಯ ಚೌಕಟ್ಟು, ಬಾಗಿಲ ಬುಡ, ನೆಲ ಗೋಡೆ ಕೂಡುವ ಮೂಲೆಗಳ ಉದ್ದಕ್ಕೂ ಮೆಲ್ಲಗೆ ಸರಿಸುತ್ತ ಹೋಗುವಳು. ಒದ್ದೆ ಚರ್ಮ ಎಲ್ಲಿ ಚುರ್ರೆಂದು ತಣ್ಣಗಾಗುತ್ತದೋ ಅಲ್ಲೊಂದು ಸಂದಿ. ಅಲ್ಲಿಗೆ ಪಿಚಕಾರಿಯಂಥ ಗನ್ನಿನಿಂದ ಅಂಟು ತುಂಬುವಳು, ಇಲ್ಲವೇ ರಬ್ಬರ್ ಪಟ್ಟಿ ಬಡಿಯುವಳು. ತಂಡದವರು ಅವಳಿಗೆ ‘ಒದ್ದೆಗೈ’ ಎಂದೇ ಹೆಸರಿಟ್ಟಿದ್ದರು.

ಅವಳ ಗಂಡನೂ ಅದೇ ತಂಡದಲ್ಲಿದ್ದ. ಅವಳು ಮುಚ್ಚುವವಳು, ಅವನು ತೆರೆಯುವವನು. ಎಲ್ಲ ಕಡೆ ಬಿಗಿದ ಮನೆಗೆ ಉಸಿರಾಡಲು ಒಂದು ದಾರಿ ಬೇಕೇ ಬೇಕು. ಅವನು ಗೋಡೆಗೆ ದುಂಡನೆಯ ಕಿಂಡಿ ಕೊರೆದು, ಕೊಳವೆ ಕೂರಿಸಿ, ಒಳಗೊಂದು ಪುಟ್ಟ ಫ್ಯಾನು ಬಿಗಿಯುತ್ತಿದ್ದ. ಅಲ್ಲಿಯವರೆಗೆ ಅವಳು ಎಲ್ಲಾದರೊಂದು ಕಡೆ ಬೆರಳಗಲ ಸಂದಿ ಬಿಟ್ಟಿರುತ್ತಿದ್ದಳು. ಅದಕ್ಕೆ ಅವರಿಬ್ಬರ ಮಾತಿನಲ್ಲಿ ‘ಕೊನೇ ಸಂದಿ’ ಎಂದು ಹೆಸರು. ಫ್ಯಾನು ತಿರುಗಿದ ಮೇಲೆ ಅವನು ಬಟ್ಟೆಯ ಧೂಳು ಕೊಡವಿಕೊಂಡು, “ಆಯ್ತು ಕಣೆ, ಇನ್ನು ಬಾಯಿ ಮುಚ್ಚು” ಅನ್ನುವನು.

“ಮನೇಲಿ ಮುಚ್ಚಿಸೋಕಾಗ್ದೆ ಇಲ್ಲಿ ಬಂದು ಆಸೆ ತೀರಿಸ್ಕೋತೀರಾ?” ಎನ್ನುತ್ತ ಅವಳು ಕೊನೇ ಸಂದಿಗೆ ಅಂಟು ತುಂಬುವಳು.

ಆ ಜೋಡಿ ಮುರಿದದ್ದು ಸಂಬಳದ ದೆಸೆಯಿಂದ. ಊರಾಚೆ, ಬಸ್ಸಿನಲ್ಲಿ ಒಂದಿಡೀ ರಾತ್ರಿಯ ದೂರದಲ್ಲಿ, ದೊಡ್ಡ ಕೋಲ್ಡ್ ಸ್ಟೋರೇಜ್ ಕಟ್ಟುತ್ತಿದ್ದರು. ಅದೇ ಡ್ರಿಲ್ಲು, ಅದೇ ಗೋಡೆ, ಕೂಲಿ ಮಾತ್ರ ದುಪ್ಪಟ್ಟು. ಬಾಡಿಗೆ ಕಟ್ಟಲು ಹೆಣಗುತ್ತಿದ್ದ ಗಂಡ ಹೊರಟುಹೋದ. ಅವನೊಬ್ಬನೇ ಅಲ್ಲ, ಕೆಲಸ ಕಲಿತವರೆಲ್ಲ ಒಬ್ಬೊಬ್ಬರಾಗಿ ಕೈ ಕೊಡವಿಕೊಂಡು ಹೋದರು. ಮನೆಗಳನ್ನು ಬೆಚ್ಚಗಿಡುವ ಸರ್ಕಾರದ ಯೋಜನೆಗೆ ಹಣವಿತ್ತು, ಮುಚ್ಚಿಸಿಕೊಳ್ಳಲು ಬೀದಿಬೀದಿಯ ಮನೆಗಳು ಕಾದಿದ್ದವು, ಮುಚ್ಚುವ ಕೈಗಳೇ ಸಾಲದಾಗಿದ್ದವು. ಹೊಸಬರು ಬಂದರೆ ಚಳಿಗಾಲವೆಲ್ಲ ಸಂಬಳವಿಲ್ಲದ ತರಬೇತಿ ಎಂದರು. ಹೊಟ್ಟೆಗೇನು ಮಾಡುವುದು ಎಂದು ಅವರೂ ತಿರುಗಿ ನೋಡಲಿಲ್ಲ. ಕೊನೆಗೆ ಇಡೀ ಊರಿಗೆ ಕಿಂಡಿ ಕೊರೆಯುವವನು ಒಬ್ಬನೇ ಉಳಿದ. ಅವನ ಮುಖ ಕಾಣುವುದೇ ಅಪರೂಪವಾಯಿತು.

ಸೂಪರ್‌ವೈಸರ್ ಅವಳನ್ನು ಬಿಟ್ಟುಕೊಡಲು ತಯಾರಿರಲಿಲ್ಲ. “ಈ ಚಳಿಗಾಲದ ನಿನ್ನ ಮನೆಗಳೆಲ್ಲ ಸೋರಿಕೆ ಪರೀಕ್ಷೇಲಿ ಪಾಸಾಗ್ಲಿ, ನಿನ್ನನ್ನ ಕಾಯಂ ಮಾಡಿಸ್ತೀನಮ್ಮ. ಕಂಪನಿಯಿಂದ ಇರೋಕೆ ಕೋಣೆನೂ ಸಿಗುತ್ತೆ,” ಎಂದಿದ್ದ. ಕೋಣೆ ಸಿಕ್ಕರೆ ಬಾಡಿಗೆ ಉಳಿಯುತ್ತದೆ, ಬಾಡಿಗೆ ಉಳಿದರೆ ಗಂಡ ಕಡಿಮೆ ಕೂಲಿಗಾದರೂ ತಿರುಗಿ ಬರಬಹುದು. ಒಂಟಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗಲೆಲ್ಲ ಅವಳ ತಲೆಯಲ್ಲಿ ಇದೊಂದೇ ಲೆಕ್ಕ.

ಆ ಮನೆಗಳ ಸಾಲಿನಲ್ಲಿ ಬಂದದ್ದು ಒಬ್ಬ ಇಸ್ತ್ರಿಯವನ ಕೋಣೆ. ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ಒಂದೇ ಕೋಣೆ, ಒಂದೇ ಕಿಟಕಿ, ಒಂದೇ ಬಾಗಿಲು. ಮೇಜಿನ ಮೇಲೆ ಇದ್ದಿಲು ತುಂಬುವ ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ, ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆ, ಮೇಜಿನ ಕೆಳಗೇ ಹಾಸಿಗೆ. ವಯಸ್ಸಾದ ಒಂಟಿ ಮನುಷ್ಯ, ಬಾಯಿ ಮಾತ್ರ ಹರಿತ.

“ಬಾ ತಂಗಿ. ಈ ಕೋಣೆಗೆ ಬಾಡಿಗೆ ನಾನು ಕೊಡ್ತೀನಿ, ಒಳಗೆ ಸಂಸಾರ ಹೂಡಿರೋದು ಗಾಳಿ. ಅದನ್ನ ಓಡಿಸಿಬಿಡು, ನಿನಗೆ ಪುಣ್ಯ ಬರುತ್ತೆ.”

“ಓಡಿಸ್ತೀನಿ ಅಣ್ಣ. ಆದ್ರೆ ಈ ಕೆಂಡ?”

“ಅದನ್ನೂ ಓಡಿಸಿದ್ರೆ ನಾನು ತಿನ್ನೋದು ಏನು, ಸುಕ್ಕನ್ನಾ?”

ಅವಳು ನಕ್ಕು ಕೆಲಸಕ್ಕೆ ಕೂತಳು. ಕಿಟಕಿ ಮುಗಿಸಿದಳು, ಬಾಗಿಲ ಸುತ್ತ ರಬ್ಬರ್ ಪಟ್ಟಿ ಬಡಿದಳು. ಕೆಂಡದ ವಿಷಗಾಳಿ ಹೊರಹೋಗಲೆಂದು ಕಿಟಕಿಯ ಕೆಳಗೆ ಎಂದಿಗಿಂತ ದೊಡ್ಡದಾಗಿಯೇ ಕೊನೇ ಸಂದಿ ಬಿಟ್ಟಳು. ಸೂಪರ್‌ವೈಸರ್ ಬಾಗಿಲಿಗೆ ಬಟ್ಟೆಯ ಪರದೆ ಬಿಗಿದು, ನಡುವೆ ದೊಡ್ಡ ಫ್ಯಾನು ಕೂರಿಸಿ ಒಳಗಿನ ಗಾಳಿ ಎಳೆದು ನೋಡಿದ. ಸೋರಿಕೆ ಜಾಸ್ತಿ. ಕೋಣೆ ಫೇಲು.

“ಏನಮ್ಮ ಇದು, ಕಿಟಕಿ ಕೆಳಗೆ ಇಲಿ ಓಡಾಡೋ ಹಾಗೆ ಬಿಟ್ಟಿದ್ದೀಯ?”

“ಕಿಂಡಿ ಇನ್ನೂ ಆಗಿಲ್ಲ ಸಾರ್. ಇಲ್ಲಿ ಇದ್ದಿಲು ಉರಿಸ್ತಾರೆ.”

“ಮನೆಯೊಳಗೆ ಇದ್ದಿಲು ಉರಿಸಬಾರದು ಅಂತ ಕಾನೂನೇ ಇದೆ. ಕಿಂಡಿಯವನು ಮುಂದಿನ ವಾರ ಬರ್ತಾನೆ. ನೀನು ಮುಚ್ಚು. ಶನಿವಾರ ಮೇಲಿನವರು ಬಂದು ಇನ್ನೊಂದು ಸಲ ನೋಡ್ತಾರೆ. ಆವತ್ತೂ ಫೇಲಾದ್ರೆ ನಿನ್ನ ಕಾಯಂ ವಿಷಯ ನನ್ನ ಕೈಲಿಲ್ಲ.”

ಅವಳು ಗನ್ನು ಎತ್ತಿಕೊಂಡಳು. ಕೊನೇ ಸಂದಿ ಮುಚ್ಚಿದಳು.

ಮರುದಿನ ಮನಸ್ಸು ತಡೆಯದೆ ಗಂಡನ ಒಂದು ಅಂಗಿಯನ್ನು ಇಸ್ತ್ರಿಗೆಂದು ನೆಪಮಾಡಿ ಹಿಡಿದುಕೊಂಡು ಹೋದಳು. ಒಳಗೆ ಕಾಲಿಟ್ಟರೆ ಹದವಾದ ಬಿಸಿ. ಇಸ್ತ್ರಿಯವನು ಸ್ವೆಟರ್ ಕಳಚಿ ಮೊಳೆಗೆ ನೇತುಹಾಕಿದ್ದ.

“ಅಣ್ಣ, ಕೆಂಡ ಇರೋವಾಗ ಬಾಗಿಲು ಸ್ವಲ್ಪ ತೆರೆದಿಡಿ. ಕಿಂಡಿ ಕೊರೆಯೋವರೆಗೆ ಅಷ್ಟೇ.”

“ಬಾಗಿಲು ತೆರೆದಿಡೋ ಹಾಗಿದ್ರೆ ನೀನು ಇಷ್ಟು ಕಷ್ಟಪಟ್ಟು ಮುಚ್ಚಿದ್ದು ಯಾಕೆ ತಾಯಿ?” ಅವನು ಗೊಳ್ಳೆಂದು ನಕ್ಕ. ಆಮೇಲೆ ದನಿ ತಗ್ಗಿಸಿ, “ನಿಜ ಹೇಳ್ಲಾ? ಈ ಕೋಣೆಗೆ ಬಂದಾಗಿನಿಂದ ಒಂದು ಚಳಿಗಾಲದಲ್ಲೂ ನನ್ನ ಬೆನ್ನು ಬೆಚ್ಚಗಿರಲಿಲ್ಲ. ನೆನ್ನೆ ಮಗು ಹಾಗೆ ನಿದ್ದೆ ಮಾಡಿದೆ.”

“ತಲೆ ನೋಯುತ್ತಾ?”

“ಗಿರಾಕಿಗಳು ಇರೋವಾಗ ತಲೆನೋವು ಇದ್ದೇ ಇರುತ್ತೆ.”

ಅವಳ ಸೊಂಟದ ಚೀಲದಲ್ಲಿ ಕತ್ತಿಯಿತ್ತು. ಬಾಗಿಲ ಬುಡದ ರಬ್ಬರನ್ನು ಒಂದು ಗೇಣು ಕತ್ತರಿಸಿದ್ದರೆ ಮುಗಿದುಹೋಗುತ್ತಿತ್ತು. ಕತ್ತರಿಸಿದರೆ ಶನಿವಾರ ಕೋಣೆ ಫೇಲು. ಶನಿವಾರ ಕಳೆಯಲಿ ಎಂದುಕೊಂಡಳು. ಹೊರಗೆ ಬಂದವಳೇ ಗಂಡನಿಗೆ ಫೋನು ಮಾಡಿದಳು.

“ರೀ, ಭಾನುವಾರ ರಜೆಗೆ ಬರೋವಾಗ ಡ್ರಿಲ್ ತನ್ನಿ. ಒಂದು ಕಿಂಡಿ ಕೊರೆಯೋದಿದೆ.”

“ಬಿಟ್ಟು ಹೋದ ಕಂಪನಿಗೆ ಬಿಟ್ಟಿ ಚಾಕರಿನಾ?”

“ಕಂಪನಿಗಲ್ಲ. ನನಗೆ.”

ಅವಳ ದನಿ ಕೇಳಿ ಅವನು ತಮಾಷೆ ನಿಲ್ಲಿಸಿದ. “ಕೊನೇ ಸಂದಿ ಮುಚ್ಚಿಬಿಟ್ಯೇನೆ?” “ನೀವು ಬನ್ನಿ,” ಎಂದಳು ಅವಳು. “ಬರ್ತೀನಿ,” ಎಂದ.

ಶನಿವಾರ ಮೇಲಿನವರು ಬಂದರು. ಇಸ್ತ್ರಿಯವನು ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಎತ್ತಿಟ್ಟು ಸಾಧುವಿನಂತೆ ನಿಂತಿದ್ದ. ಫ್ಯಾನು ತಿರುಗಿತು. ಈ ಬೀದಿಯಲ್ಲೇ ಇಷ್ಟು ಬಿಗಿಯಾದ ಕೋಣೆ ಇನ್ನೊಂದಿಲ್ಲ ಎಂದು ಬಂದವರಲ್ಲೊಬ್ಬ ಹೊಗಳಿದ. ಸೂಪರ್‌ವೈಸರ್ ಅವಳ ಕಡೆ ನೋಡಿ ಹೆಬ್ಬೆರಳು ಎತ್ತಿದ. ಅವಳು ಬಾಗಿಲ ಹತ್ತಿರ ಬಗ್ಗಿದ್ದಳು, ಎಲ್ಲರೂ ಹೋದ ಮೇಲೆ ರಬ್ಬರ್ ಕತ್ತರಿಸಬೇಕೆಂದು. ಅಷ್ಟರಲ್ಲಿ, “ಬಾರಮ್ಮ, ಗಾಡಿ ಹೊರಟಿದೆ. ಇನ್ನೂ ಎರಡು ಮನೆ ಇದೆ,” ಎಂದು ಕೂಗಿದರು. ನಾಳೆ ಬೆಳಿಗ್ಗೆ ಹೇಗೂ ಡ್ರಿಲ್ ಬರುತ್ತದಲ್ಲ ಎಂದು ಅವಳು ಎದ್ದು ನಡೆದಳು.

“ನಾಳೆ ನಿನ್ನ ಯಜಮಾನರ ಅಂಗಿ ತಗೊಂಡು ಹೋಗು. ಮದುಮಗನ ಹಾಗೆ ಕಾಣಿಸ್ಬೇಕು, ಹಾಗೆ ತೀಡ್ತೀನಿ,” ಎಂದು ಇಸ್ತ್ರಿಯವನು ಹಿಂದಿನಿಂದ ಕೂಗಿದ. ಕೂಗುತ್ತಲೇ ಅಗ್ಗಿಷ್ಟಿಕೆಯನ್ನು ಒಳಗೆ ಎತ್ತಿಕೊಂಡ.

ಭಾನುವಾರ ಗಂಡ ಬಸ್ಸಿನಿಂದ ಡ್ರಿಲ್ಲಿನ ಪೆಟ್ಟಿಗೆ ಹೆಗಲಿಗೇರಿಸಿಕೊಂಡೇ ಇಳಿದ. ಇಬ್ಬರೂ ನೇರವಾಗಿ ಅಲ್ಲಿಗೇ ಹೋದರು. ಅಂಗಳದ ತುಂಬ ಜನ. ಎದುರು ಅಂಗಡಿಯ ದರ್ಜಿ, ಬಂದುಬಂದವರಿಗೆಲ್ಲ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದ.

“ಹೋಟೆಲಿನವರು ಮಾಣಿಗಳ ಕೋಟು ಒಯ್ಯೋಕೆ ಬಂದು ಬಾಗಿಲು ತಟ್ಟಿದ್ರು. ಉತ್ತರ ಇಲ್ಲ. ಒಡೆಯೋಣ ಅಂದ್ರೆ ಬಾಗಿಲು ಅಲುಗಾಡಲ್ಲ, ರಬ್ಬರು ಹಾಗೆ ಕಚ್ಚಿಕೊಂಡಿದೆ. ಕೊನೆಗೆ ಒಡೆದು ಒಳಗೆ ನೋಡಿದ್ರೆ ಮಲಗಿದ ಹಾಗೇ ಇದ್ದ. ಹೊಗೆನೂ ಇಲ್ಲ, ವಾಸನೆನೂ ಇಲ್ಲ. ಮುಖ ಮಾತ್ರ ಕೆಂಪಗಿತ್ತು.”

ಗಂಡ ಹೆಗಲ ಪೆಟ್ಟಿಗೆ ಇಳಿಸಲೂ ಮರೆತು ಅವಳ ತೋಳು ಹಿಡಿದುಕೊಂಡ. ತೀಡಿಟ್ಟ ಬಟ್ಟೆಗಳನ್ನು ದರ್ಜಿಯೇ ಹಂಚುತ್ತಿದ್ದ. ಅವಳ ಗಂಡನ ಅಂಗಿಯನ್ನೂ ಕೊಟ್ಟ. ಒಂದು ಸುಕ್ಕಿರಲಿಲ್ಲ.

ವಿಚಾರಣೆ ನಡೆಯಿತು. ಮನೆಯೊಳಗೆ ಇದ್ದಿಲು ಉರಿಸಿದ್ದು ಸತ್ತವನದೇ ತಪ್ಪು ಎಂದು ತೀರ್ಮಾನವಾಯಿತು. ಸೂಪರ್‌ವೈಸರ್ ಅವಳನ್ನು ಪಕ್ಕಕ್ಕೆ ಕರೆದ.

“ನೀನೇನೂ ಹೆದರಬೇಡ. ನಿನ್ನ ಕೆಲಸದಲ್ಲಿ ಒಂದು ಕೊರತೆನೂ ಕಂಡಿಲ್ಲ. ಬಾಯಿ ಮುಚ್ಚಿಕೊಂಡು ಈ ಚಳಿಗಾಲ ಕಳಿ.”

ಗಂಡ ಹಲವು ಬಾರಿ ಹೇಳುತ್ತಿದ್ದ ಮಾತೇ ಅದು. ಅವನ ಬಾಯಲ್ಲಿ ಅದಕ್ಕೆ ಬೇರೆ ರುಚಿ ಇತ್ತು.

ವಿಚಾರಣೆ ಮುಗಿಯುವವರೆಗೆ ಉಳಿದಿದ್ದ ಗಂಡ ತಿರುಗಿ ಹೊರಟಾಗ ಅವಳು ಡ್ರಿಲ್ಲಿನ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. “ಇದು ಇಲ್ಲಿರಲಿ.”

“ನಿನ್ನ ಕೈಲಿ ಆಗಲ್ಲ ಕಣೆ, ಗೋಡೆ ಕಚ್ಚಿತು ಅಂದ್ರೆ ಮಣಿಕಟ್ಟು ತಿರುಚಿಬಿಡುತ್ತೆ. ಅಲ್ಲದೆ ಇದು ನಿನ್ನ ಕೆಲಸನೂ ಅಲ್ಲ. ಕಾಯಂ ಆಗೋವರೆಗೆ...”

“ಹೇಗೆ ಹಿಡೀಬೇಕು ಅಂತ ತೋರಿಸಿ ಹೋಗಿ,” ಎಂದಳು ಅವಳು.

ಅವನು ತೋರಿಸಿ ಹೋದ. ಮರುದಿನದ ಮನೆಯಲ್ಲಿ ಅವಳು ಕೈ ಒದ್ದೆ ಮಾಡಿಕೊಳ್ಳುವ ಮೊದಲೇ ಡ್ರಿಲ್ ಎತ್ತಿದಳು. ಕಿಂಡಿ ಸೊಟ್ಟಗಾಯಿತು, ಮಣಿಕಟ್ಟು ಊದಿಕೊಂಡಿತು. ಕೂರಿಸಲು ಕೊಳವೆಯೂ ಇಲ್ಲ, ಫ್ಯಾನೂ ಇಲ್ಲ. ಪರೀಕ್ಷೆಯಲ್ಲಿ ಮನೆ ಫೇಲಾಯಿತು.

“ಇದು ನಿನ್ನ ಕೆಲಸವೇನಮ್ಮ?” ಸೂಪರ್‌ವೈಸರ್ ಹಲ್ಲು ಕಚ್ಚಿದ.

“ಯಾರ ಕೆಲಸ ಸಾರ್? ಅವರನ್ನ ಕರ್ಕೊಂಡು ಬನ್ನಿ, ಬಿಟ್ಟುಕೊಡ್ತೀನಿ.”

“ಕಾಯಂ ಆಸೆ ಇವತ್ತಿಗೆ ಬಿಟ್ಟುಬಿಡು.”

ಅವಳು ಹೂಂ ಎಂದಳು. ಅವನು ಪರದೆ ಬಿಚ್ಚಿ ಮಡಿಸಿಕೊಂಡು ಹೋದ. ಅವಳು ಬಾಟಲಿಯ ನೀರನ್ನು ಕೈಯ ಹಿಂಬದಿಗೆ ಸುರಿದುಕೊಂಡು ಸೊಟ್ಟ ಕಿಂಡಿಯ ಬಾಯಿಗೆ ಹಿಡಿದಳು. ಹೊರಗಿನ ಗಾಳಿ ಚುರ್ರೆಂದು ತಾಗಿತು. ಮರಗಟ್ಟುವವರೆಗೂ ಅವಳು ಕೈ ತೆಗೆಯಲಿಲ್ಲ.