ಕರಿಮಣಿಯ ಮಹಜರು

೨೦೧೨ರಲ್ಲಿ ನಾನು ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆ ಹೋಬಳಿಯ ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿದ್ದೆ. ಸೇವೆಗೆ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಬದುಕಿರುವವರು ಬದುಕಿದ್ದಾರೆಂದೂ ಸತ್ತವರು ಸತ್ತಿದ್ದಾರೆಂದೂ ಸರ್ಕಾರಕ್ಕೆ ಖಾತ್ರಿಯಾಗುತ್ತಿದ್ದುದು ನನ್ನ ರುಜುವಿನಿಂದ. ಯಮನ ಇಲಾಖೆಗೂ ನಮ್ಮ ಇಲಾಖೆಗೂ ಇದ್ದ ವ್ಯತ್ಯಾಸವೆಂದರೆ, ಅಲ್ಲಿ ಪ್ರಯಾಣ ಭತ್ಯೆಯ ಬಿಲ್ ಬರೆಯುವ ಪದ್ಧತಿ ಇಲ್ಲ.

ಆ ಏಪ್ರಿಲ್‌ನಲ್ಲಿ ರತ್ನಮ್ಮ ಎಂಬಾಕೆಯ ಅರ್ಜಿ ನನ್ನ ಮೇಜಿಗೆ ಬಂತು. ಕೇಳಿದ್ದು ವಿಧವಾ ಪ್ರಮಾಣಪತ್ರ. ಅವಳ ಊರಿನ ಅಂಗನವಾಡಿಗೆ ಕಾರ್ಯಕರ್ತೆ ಬೇಕಾಗಿದ್ದರು. ವಿಧವೆಯರಿಗೆ ಆದ್ಯತೆ ಇತ್ತು. ಕೆಲಸ ಸಿಕ್ಕರೆ ಊರಲ್ಲೇ ಇದ್ದು, ಕಣ್ಣು ಮಂಜಾದ ಅತ್ತೆಯನ್ನೂ ಹತ್ತು ವರ್ಷದ ಮಗಳನ್ನೂ ನೋಡಿಕೊಳ್ಳಬಹುದು. ಸಿಗದಿದ್ದರೆ ಇಬ್ಬರನ್ನೂ ಬಿಟ್ಟು ಬೆಳಿಗ್ಗೆ ಆರಕ್ಕೆ ಗಾರ್ಮೆಂಟ್ಸ್ ವ್ಯಾನು ಹತ್ತಬೇಕು. ಆ ಕೆಲಸಕ್ಕೆ ಅರ್ಜಿ ಸಲ್ಲಿಸಲು ಇನ್ನು ಹತ್ತೇ ದಿನ ಉಳಿದಿತ್ತು.

ಗಂಡ ನಾರಾಯಣಸ್ವಾಮಿ ಲಾರಿ ಡ್ರೈವರ್. ಕುವೈತಿಗೆ ಹೋದವನು ಅಲ್ಲಿಂದ ಇರಾಕಿಗೆ ಸಾಮಾನು ಸಾಗಿಸುತ್ತಿದ್ದ. ೨೦೦೪ರಲ್ಲಿ, ಯುದ್ಧದ ನಡುವೆ, ಲಾರಿಯೂ ಅವನೂ ಕಾಣೆಯಾದರು. ಹೊಸಕೋಟೆ ತಾಲ್ಲೂಕು ಯಾರ ಮೇಲೂ ಯುದ್ಧ ಸಾರಿರಲಿಲ್ಲ. ಆದ್ದರಿಂದ ಅವನ ಪಾಲಿಗೆ ಹುತಾತ್ಮನ ಪಟ್ಟವಿಲ್ಲ, ಬ್ಯಾನರಿಲ್ಲ, ಹೂಳಲು ಹೆಣವೂ ಇಲ್ಲ. ಏಳು ವರ್ಷ ಸುದ್ದಿಯೇ ಇಲ್ಲದವನನ್ನು ಸತ್ತನೆಂದು ಭಾವಿಸಬಹುದು ಎನ್ನುತ್ತದೆ ಕಾನೂನು. ಕೋರ್ಟು ಹಾಗೆಂದೇ ಆದೇಶ ಕೊಟ್ಟಿತ್ತು. ಉಳಿದದ್ದು ನನ್ನ ಮಹಜರು. ಅಂದರೆ ಊರಿಗೆ ಹೋಗಿ, ಪಂಚರೆಂದು ಕರೆಯುವ ಐವರು ಸಾಕ್ಷಿಗಳ ಮುಂದೆ ವಿಚಾರಿಸಿ, ಬರೆದದ್ದಕ್ಕೆ ಅವರ ರುಜು ಪಡೆಯುವುದು.

ಅರ್ಧ ಗಂಟೆಯ ಕೆಲಸ ಎಂದುಕೊಂಡೇ ಹೋದೆ. ರತ್ನಮ್ಮನ ಮನೆಯ ಜಗುಲಿಯ ಮೇಲೆ ಚಾಪೆ ಹಾಸಿದ್ದರು. ಪಂಚರು ಕೂತರು, ನಾನು ಪೆನ್ನಿನ ಕ್ಯಾಪು ತೆಗೆದು ಹಿಡಿದೆ. ರತ್ನಮ್ಮ ಬಾಗಿಲ ಬಳಿ ಬಂದು ನಿಂತಳು. ಕೊರಳಲ್ಲಿ ಎರಡೆಳೆ ಕರಿಮಣಿ ಸರ.

ಪಂಚರಲ್ಲಿ ಹಿರಿಯರಾದ ಪಿಳ್ಳಪ್ಪನವರು ಗಂಟಲು ಸರಿಮಾಡಿಕೊಂಡರು. “ಆರ್‌ಐ ಸಾಹೇಬ್ರೇ, ಮುತ್ತೈದೆ ಕಂಡಂಗೆ ಕಣ್ಮುಂದೆ ನಿಂತವ್ಳೆ. ವಿಧವೆ ಅಂತ ನಾನೆಂಗೆ ರುಜು ಹಾಕ್ಲಿ? ನಾಳೆ ಅವನು ಬಂದು, ಏನ್ ಮಾವ, ನನ್ನ ಸಾಯ್ಸ್ಬಿಟ್ಯಾ ಅಂದ್ರೆ?”

ಉಳಿದ ನಾಲ್ವರೂ ಪೆನ್ನನ್ನು ಹಾವೆಂಬಂತೆ ನೋಡಿದರು. ಕೋರ್ಟು ಒಪ್ಪಿದ್ದನ್ನು ಕರಿಮಣಿ ಒಪ್ಪಿರಲಿಲ್ಲ.

“ಯಾಕಮ್ಮ ತೆಗೆದಿಲ್ಲ?” ಎಂದು ಕೇಳಿದೆ. ಅದು ಇಲಾಖೆಯ ಪ್ರಶ್ನೆಯಾಗಿರಲಿಲ್ಲ.

“ನಮ್ಮತ್ತೆ ದಿನಾ ಬೆಳಿಗ್ಗೆ ಇದನ್ನ ಮುಟ್ಟಿ ನೋಡ್ತಾರೆ ಸಾರ್. ನಾನು ಬಿಚ್ಚಿದ್ರೆ ಅವ್ರ ಮಗನ್ನ ನಾನೇ ಸಾಯ್ಸಿದಂಗೆ. ಬಿಚ್ಚದೇ ಇದ್ರೂ ಸುಖ ಏನಿಲ್ಲ ಬಿಡಿ. ಎಂಟು ವರ್ಷದಿಂದ ಊರವ್ರು ನನ್ನ ಅರಿಶಿನ ಕುಂಕುಮಕ್ಕೆ ಕರೆಯೋದೋ ಬಿಡೋದೋ ಅಂತ ಗೊತ್ತಾಗ್ದೆ, ಬಾಗ್ಲಲ್ಲೇ ಮಾತಾಡ್ಸಿ ಕಳಿಸ್ತಾರೆ.”

ಬಿಸಿಲು ಏರುತ್ತಿತ್ತು. ಮಧ್ಯಾಹ್ನ ಇನ್ನೊಂದು ಊರಿನಲ್ಲಿ ಗಡಿ ತಕರಾರು ನನಗಾಗಿ ಕಾದಿತ್ತು. ನಾನು ಬುದ್ಧಿವಂತಿಕೆ ಪ್ರದರ್ಶಿಸಿದೆ. “ಒಂದು ಗಂಟೆ ತೆಗೆದಿಡಮ್ಮ, ಅಷ್ಟೆ. ರುಜು ಆದ್ಮೇಲೆ ಹಾಕ್ಕೊ. ಪೋಣಿಸೋಕೆ ಅಕ್ಕಸಾಲಿಗೆ ಕೊಡುವಾಗ ಬಿಚ್ಚಲ್ವೇ? ನಮ್ಮ ಮನೇಲೂ ಬಿಚ್ಚುತ್ತಾರೆ.”

“ಆವಾಗ ಅರಿಶಿನದ ಕೊಂಬು ಕಟ್ಕೋತೀವಿ ಸಾರ್,” ಎಂದಳು ರತ್ನಮ್ಮ. “ಇವಾಗ ಏನ್ ಕಟ್ಕೊಳ್ಲಿ?”

ಉತ್ತರ ಬಂದದ್ದು ಒಳಗಿನಿಂದ. ಅತ್ತೆ ಮುನಿಯಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಕುಂತ್ಕೊಳೇ,” ಎಂದು ಸೊಸೆಯನ್ನು ಮುಂದೆ ಕೂರಿಸಿಕೊಂಡರು. ಬೆರಳಿನಲ್ಲೇ ತಡವರಿಸಿ ಕೊಂಡಿ ಹುಡುಕಿದರು. ರತ್ನಮ್ಮ, “ಬ್ಯಾಡ ಅತ್ತೆ, ವ್ಯಾನಿಗೇ ಹೋಗ್ತೀನಿ, ಬ್ಯಾಡ,” ಎನ್ನುತ್ತಲೇ ಇದ್ದಳು. ಕೊಂಡಿ ಬೇಗ ಬಿಡಲಿಲ್ಲ. ಐವರು ಪಂಚರೂ ಒಬ್ಬ ಸರ್ಕಾರಿ ನೌಕರನೂ ತಂತಮ್ಮ ಚಪ್ಪಲಿ ನೋಡುತ್ತ ಕೂತಿದ್ದೆವು.

“ನಂದು ಬಿಚ್ಚುವಾಗ ಊರ ಹೆಂಗಸರೆಲ್ಲ ಬಂದು ಅತ್ತಿದ್ರು,” ಎಂದರು ಮುನಿಯಮ್ಮ, ಯಾರಿಗೆಂದಿಲ್ಲದೆ. “ಇವಳಿಗೆ ಅಳೋಕೆ ಗೌರ್ಮೆಂಟು ಬಂದದೆ.”

ಸರವನ್ನು ತಮ್ಮ ಎಲೆಅಡಿಕೆ ಚೀಲದೊಳಗೆ ಹಾಕಿಕೊಂಡರು. ನಾನು ಬರೆದೆ: “ಅರ್ಜಿದಾರಳ ಕೊರಳಲ್ಲಿ ಕರಿಮಣಿ ಇರುವುದಿಲ್ಲ.” ಪಿಳ್ಳಪ್ಪನವರು ರುಜು ಹಾಕಿದರು. ಅಕ್ಷರ ಗೆರೆ ಬಿಟ್ಟು ಹೋಯಿತು. ಉಳಿದವರೂ ಹಾಕಿದರು.

ಕಾಗದ ಮಡಚಿಕೊಂಡು, ದೊಡ್ಡ ಉಪಕಾರ ಮಾಡಿದವನಂತೆ, “ಆಯ್ತಲ್ಲ, ಇನ್ನು ಹಾಕ್ಕೊಳ್ಳಮ್ಮ,” ಎಂದೆ.

ಮುನಿಯಮ್ಮ ಚೀಲವನ್ನು ಬಿಗಿಯಾಗಿ ಹಿಡಿದರು. “ಅದನ್ನ ಕಟ್ಟಿದ್ದು ನನ್ ಮಗ, ಸ್ವಾಮಿ. ಬಿಚ್ಚಿದ್ಮೇಲೆ ಮತ್ತೆ ಕಟ್ಟೋಕೂ ಅವನೇ ಬರ್ಬೇಕು.”

ರತ್ನಮ್ಮ ಎದ್ದು ಒಳಗೆ ಹೋಗಿ ನಮಗೆಲ್ಲ ಕಾಫಿ ತಂದಳು. ಆ ಸೆಕೆಯಲ್ಲೂ ಸೆರಗನ್ನು ಕೊರಳ ಸುತ್ತ ಹೊದ್ದಿದ್ದಳು. ಒಂದು ಗಂಟೆ ಎಂದು ನಾನು ಹೇಳಿದ್ದೆ. ಇರಾಕಿನ ಯುದ್ಧ ಎಂಟು ವರ್ಷ ತಡವಾಗಿ ಆ ಜಗುಲಿಗೆ ತಲುಪಿತ್ತು. ದಾರಿ ತೋರಿಸಿಕೊಂಡು ಬಂದವನು ನಾನು.

ಮರುದಿನ ತಹಶೀಲ್ದಾರರು ಮಹಜರು ಓದಿದರು. ನನಗಿಂತ ಹದಿನೈದು ವರ್ಷ ಚಿಕ್ಕವರು. “ಏನ್ರೀ ಇದು ಕರಿಮಣಿ? ಯಾವ ಸುತ್ತೋಲೆ ಕೇಳುತ್ತೆ?” ಎಂದರು. ಸುತ್ತೋಲೆಗಳ ಕಡತ ತಡಕಿದೆ. ಯಾವುದೂ ಕೇಳಿರಲಿಲ್ಲ. ಕೋರ್ಟಿನ ಆದೇಶ ಸಾಕಿತ್ತು. ಅದನ್ನು ಪಂಚರಿಗೆ ಓದಿ ಹೇಳಿ, ನೀವು ಅವನನ್ನು ಸಾಯಿಸುತ್ತಿಲ್ಲ, ಕೋರ್ಟು ಹೇಳಿದ್ದಕ್ಕೆ ಸಾಕ್ಷಿಯಾಗುತ್ತಿದ್ದೀರಿ ಅಷ್ಟೆ ಎನ್ನಲು ನನಗೆ ಹತ್ತು ನಿಮಿಷ ಸಾಕಾಗುತ್ತಿತ್ತು. ತಹಶೀಲ್ದಾರರು ಕೆಂಪು ಶಾಯಿಯಲ್ಲಿ ಆ ಒಂದು ಸಾಲನ್ನು ಹೊಡೆದು ಹಾಕಿ, ಕೆಳಗೆ ರುಜು ಮಾಡಿದರು.

ರತ್ನಮ್ಮನಿಗೆ ಕೆಲಸ ಸಿಕ್ಕಿತು. ಮತದಾರರ ಪಟ್ಟಿಯ ಕೆಲಸಕ್ಕೆ ಹೋದಾಗ ಅಂಗನವಾಡಿಯಲ್ಲಿ ಸಿಗುತ್ತಿದ್ದಳು. ಒಮ್ಮೆ ಧೈರ್ಯ ಮಾಡಿ ಆ ಕೆಂಪು ಗೆರೆಯ ವಿಷಯ ಹೇಳಿದೆ. ಮಕ್ಕಳಿಗೆ ತಟ್ಟೆ ಇಡುತ್ತಿದ್ದವಳು ಕೈಲಿದ್ದ ತಟ್ಟೆ ಇಟ್ಟು ನನ್ನತ್ತ ತಿರುಗಿದಳು. “ನಮ್ಮತ್ತೆಗೆ ಹೇಳ್ಬೇಡಿ ಸಾರ್,” ಎಂದಳು. “ಬೆಳಿಗ್ಗೆ ಎದ್ದ ತಕ್ಷಣ ಈಗ ಆ ಚೀಲ ಮುಟ್ಟಿ ನೋಡ್ಕೋತಾರೆ.”

ಆಮೇಲೆ ಏಳು ವರ್ಷ ಸೇವೆ ಮಾಡಿದೆ. ಕಾನೂನು ಕೇಳದ್ದನ್ನು ಕೇಳಬಾರದು, ಊರು ಕೇಳಿದರೂ ಕೇಳಬಾರದು. ಇಷ್ಟು ಸಣ್ಣ ಪಾಠ ನನಗೆ ಇಪ್ಪತ್ತಾರು ವರ್ಷ ಸೇವೆಯಾದ ಮೇಲೆ ತಲೆಗೆ ಹತ್ತಿತು. ತಹಶೀಲ್ದಾರರು ಒಂದು ಗೆರೆ ಎಳೆದು ಕಾಗದವನ್ನು ಸರಿಮಾಡಿದರು. ಜಗುಲಿಯ ಮೇಲೆ ಹಾಗೆ ಎಳೆಯಬಲ್ಲ ಗೆರೆ ನಮ್ಮ ಇಲಾಖೆಯಲ್ಲಿ ಇರಲಿಲ್ಲ.